ಚೌಕಿಯ ದೀಪ, ರಂಗಸ್ಥಳದ ಕೆಂಪು: ಎರಡು ಸೆನ್ಸರುಗಳ ಜೊತೆ ಒಂದು ರಾತ್ರಿ

ಚಪ್ಪಲಿ ಇಲ್ಲೇ ಬಿಡಿ. ವೇಷಧಾರಿಗಳು ಬಣ್ಣ ಹಚ್ಚುವ ಚೌಕಿಯೊಳಗೆ ಗಣಪತಿಗೆ ದೀಪ ಹಚ್ಚಿಯಾಗಿದೆ. ಮಾಗಿಯ ರಾತ್ರಿ, ಹತ್ತು ಗಂಟೆಯ ಹೊತ್ತು. ಕುಂದಾಪುರದಿಂದ ಒಳಗೆ, ಕೊಯ್ಲು ಮುಗಿದ ಗದ್ದೆಯಲ್ಲಿ ಹರಕೆಯ ಯಕ್ಷಗಾನದ ಆಟ. ಬರಿಗಾಲಿಗೆ ಭತ್ತದ ಕೂಳೆ ಚುಚ್ಚುತ್ತದೆ, ಮಣ್ಣು ಆಗಲೇ ತಣ್ಣಗಾಗಿದೆ. ಹರಕೆ ಹೊತ್ತವರ ಅಂಗಳದಲ್ಲಿ ಊಟದ ಕಡೆಯ ಪಂಕ್ತಿ ನಡೆಯುತ್ತಿದೆ.

ನಿಮ್ಮ ಎಡ ಹೆಗಲಲ್ಲಿ ನಿಕಾನ್ ಝೆಡ್-6 ಟೂ, ಬಲ ಹೆಗಲಲ್ಲಿ ಝೆಡ್-8. ಮೊದಲನೆಯದು 2020ರಲ್ಲಿ ಬಂದದ್ದು, ಬ್ಯಾಟರಿ ಸೇರಿ 705 ಗ್ರಾಂ. ಎರಡನೆಯದು 2023ರದ್ದು, 910 ಗ್ರಾಂ. ಎರಡಕ್ಕೂ ಒಂದೇ ಲೆನ್ಸ್ ಕೂರುತ್ತದೆ, ಒಂದೇ ಜಾತಿಯ ಬ್ಯಾಟರಿ ಹೋಗುತ್ತದೆ. ಒಳಗಿನ ಸೆನ್ಸರಿನ ಅಳತೆಯೂ ಒಂದೇ: ಉದ್ದ 35.9 ಮಿಲಿಮೀಟರ್, ಅಗಲ 23.9. ಅಷ್ಟೇ ಜಾಗದಲ್ಲಿ ಒಂದು 24.5 ಮೆಗಾಪಿಕ್ಸೆಲ್ ಇಟ್ಟುಕೊಂಡಿದೆ, ಇನ್ನೊಂದು 45.7.

ಆಟದ ಫೋಟೋ ತೆಗೆಯುವವರು ಇಬ್ಬರು ಸೇರಿದರೆ ಬರುವ ಪ್ರಶ್ನೆ, ರಾತ್ರಿಗೆ ಯಾವುದು ಲಾಯ್ಕು ಅಂತ. ಬರುವ ಉತ್ತರವೂ ಹೆಚ್ಚುಕಡಿಮೆ ಒಂದೇ: ಪಿಕ್ಸೆಲ್ ಕಡಿಮೆ ಇರುವುದನ್ನೇ ತಗೊಳ್ಳಿ, ಪಿಕ್ಸೆಲ್ ಹೆಚ್ಚಿದಷ್ಟೂ ಕತ್ತಲಲ್ಲಿ ರವೆ ಚೆಲ್ಲಿದ ಹಾಗೆ ಕಾಣುತ್ತದೆ. ಈ ಮಾತನ್ನು ಬೆಳಗಿನವರೆಗೆ ಒರೆಗೆ ಹಚ್ಚೋಣ.

ಒಳಗೆ ಬನ್ನಿ. ಎರಡೂ ಬದಿಗೆ ಸಾಲಾಗಿ ಪೆಟ್ಟಿಗೆಗಳು, ಪೆಟ್ಟಿಗೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತ ಕಲಾವಿದರು. ಒಂದು ಕೈಯಲ್ಲಿ ಸಣ್ಣ ಕನ್ನಡಿ, ಇನ್ನೊಂದರಲ್ಲಿ ಕಡ್ಡಿ. ಅರದಾಳದ ಹಳದಿ, ಇಂಗಳೀಕದ ಕೆಂಪು, ಕಾಡಿಗೆಯ ಕಪ್ಪು. ತೆಂಗಿನೆಣ್ಣೆಯ ವಾಸನೆ, ಒದ್ದೆ ಬಟ್ಟೆಯ ವಾಸನೆ. ಇಷ್ಟು ಜನ ಇದ್ದರೂ ಮಾತು ಕಡಿಮೆ. ನಿಮ್ಮ ಎದುರಿಗಿರುವ ಹಿರಿಯರು ಕಣ್ಣಿನ ಕೆಳಗೆ ಗೆರೆ ಎಳೆಯುತ್ತಿದ್ದಾರೆ. ಈ ಹೊತ್ತಿನಲ್ಲಿ ‘ಟಕ್’ ಎಂದು ಶಟರ್ ಬಿದ್ದರೆ ಆ ಕೈ ಒಮ್ಮೆ ನಿಲ್ಲುತ್ತದೆ. ಅವರು ಏನೂ ಅನ್ನುವುದಿಲ್ಲ, ಆದರೆ ಮುಂದಿನ ಹತ್ತು ನಿಮಿಷ ನೀವು ಅಲ್ಲಿದ್ದೀರಿ ಎಂಬ ಅರಿವು ಅವರ ಮುಖದಲ್ಲಿ ಇದ್ದೇ ಇರುತ್ತದೆ. ಚೌಕಿಯ ಚಿತ್ರಕ್ಕೆ ಸದ್ದಿಲ್ಲದ ಶಟರ್ ಬೇಕು ಅನ್ನುವುದು ಅದಕ್ಕೇ.

ಝೆಡ್-6 ಟೂ ಎತ್ತಿಕೊಳ್ಳಿ. ಸೈಲೆಂಟ್ ಮೋಡಿಗೆ ಹಾಕಿ. ಮುಖದ ಮೇಲೆ ಬೆಳಕು ಬೀಳುತ್ತಿರುವುದು ತಲೆಯ ಮೇಲೆ ನೇತಾಡುವ ಒಂದು ಅಗ್ಗದ ಎಲ್‌ಇಡಿ ಬಲ್ಬಿನಿಂದ. ಶಟರ್ 1/320, ಒತ್ತಿ. ಸದ್ದಿಲ್ಲ, ಕಲಾವಿದರಿಗೆ ಗೊತ್ತೇ ಆಗಲಿಲ್ಲ. ಈಗ ಹಿಂಬದಿಯ ಪರದೆ ನೋಡಿ. ಚಿತ್ರಕ್ಕೆ ಅಡ್ಡವಾಗಿ ಐದು ಕಪ್ಪು ಪಟ್ಟೆ, ನಡುನಡುವೆ ಐದು ಬೆಳಕಿನ ಪಟ್ಟೆ. ಹಣೆಯಲ್ಲೊಂದು, ಮೂಗಿನ ಮೇಲೊಂದು, ಎದೆಯ ಮೇಲೊಂದು. ಮುಖವರ್ಣಿಕೆಯ ಮೇಲೆ ಯಾರೋ ಮಸಿ ಬಳಿದಂತೆ.

ಕ್ಯಾಮೆರಾ ಕೆಟ್ಟಿಲ್ಲ. ನಮ್ಮ ಮನೆಗೆ ಬರುವ ಕರೆಂಟು ಸೆಕೆಂಡಿಗೆ 50 ಆವರ್ತದ್ದು, ಆದ್ದರಿಂದ ಒಳಗೆ ಒಳ್ಳೆಯ ಡ್ರೈವರ್ ಇಲ್ಲದ ಬಲ್ಬು ಸೆಕೆಂಡಿಗೆ 100 ಸಲ ಮಿಟುಕುತ್ತದೆ. ಕಣ್ಣಿಗೆ ಅದು ಕಾಣದು. ಸೆನ್ಸರಿಗೆ ಕಾಣುತ್ತದೆ, ಯಾಕೆಂದರೆ ಅದು ಇಡೀ ಚಿತ್ರವನ್ನು ಒಂದೇ ಏಟಿಗೆ ಓದಿಕೊಳ್ಳುವುದಿಲ್ಲ. ಪುಸ್ತಕ ಓದುವವನ ಹಾಗೆ ಸಾಲು ಸಾಲಾಗಿ ಓದುತ್ತದೆ. ಝೆಡ್-6 ಟೂ ಮೊದಲ ಸಾಲಿನಿಂದ ಕಡೆಯ ಸಾಲಿಗೆ ಬರುವಷ್ಟರಲ್ಲಿ ಸುಮಾರು 1/20 ಸೆಕೆಂಡ್ ಕಳೆದಿರುತ್ತದೆ. ಅಷ್ಟರಲ್ಲಿ ಬಲ್ಬು ಐದು ಸಲ ಹೊತ್ತಿ ಐದು ಸಲ ಮಂಕಾಗಿದೆ. ದೀಪ ಹೊತ್ತಿದ್ದಾಗ ಬೆಳಕುಂಡ ಸಾಲು ಬೆಳ್ಳಗೆ, ಮಂಕಾದಾಗ ಉಂಡದ್ದು ಕಪ್ಪಗೆ. ನೀವು ಎಣಿಸಿದ ಐದು ಪಟ್ಟೆಗಳ ಲೆಕ್ಕ ಇದೇ.

ಈಗ ಝೆಡ್-8. ಅದೇ ಲೆನ್ಸ್, ಅದೇ ಶಟರ್, ಅದೇ ಮುಖ. ಒತ್ತಿ. ಪಟ್ಟೆ ಇಲ್ಲ. ಇನ್ನೊಮ್ಮೆ, ಮತ್ತೊಮ್ಮೆ ಒತ್ತಿ. ಒಂದು ಚಿತ್ರ ತುಸು ಬೆಳ್ಳಗೆ, ಇನ್ನೊಂದು ತುಸು ಮಬ್ಬು, ಮೂರನೆಯದರಲ್ಲಿ ಮೇಲಿನಿಂದ ಕೆಳಕ್ಕೆ ಬೆಳಕು ನಿಧಾನ ಇಳಿದಿದೆ. ಆದರೆ ಮುಖ ಹರಿದಿಲ್ಲ. ಈ ಸೆನ್ಸರ್ ಕಡೆಯ ಸಾಲು ಮುಟ್ಟಲು ತೆಗೆದುಕೊಳ್ಳುವುದು ಸುಮಾರು 1/270 ಸೆಕೆಂಡ್ ಮಾತ್ರ. ಬಲ್ಬಿನ ಒಂದು ಮಿಟುಕಿನ ಅರ್ಧವೂ ಅಷ್ಟರಲ್ಲಿ ಮುಗಿಯದು.

ಇಷ್ಟು ವೇಗ ಎಲ್ಲಿಂದ ಬಂತು? ಎರಡೂ ಸೆನ್ಸರುಗಳಲ್ಲಿ ತಂತಿಗಳನ್ನು ಬೆಳಕು ಬೀಳುವ ಮುಖದಿಂದ ಹಿಂದಕ್ಕೆ ಸರಿಸಿದ್ದಾರೆ, ಅಷ್ಟರ ಮಟ್ಟಿಗೆ ಅವು ಒಂದೇ ಕುಲ. ಝೆಡ್-8ರದ್ದು ಮಾತ್ರ ಅಟ್ಟಣಿಗೆ ಇರುವ ಮನೆ. ಮೇಲಿನ ಪದರದಲ್ಲಿ ಪಿಕ್ಸೆಲ್ಲುಗಳು, ಅದರ ಅಡಿಗೆ ಇನ್ನೊಂದು ಚಿಪ್ಪಿನಲ್ಲಿ ಲೆಕ್ಕ ಮಾಡುವ ಸರ್ಕಿಟ್ಟು. ಇದಕ್ಕೆ ಸ್ಟ್ಯಾಕ್ಡ್ ಸೆನ್ಸರ್ ಎನ್ನುತ್ತಾರೆ. ಸಾಮಾನ್ಯ ಸೆನ್ಸರಿನಲ್ಲಿ ಈ ಸರ್ಕಿಟ್ಟು ಪಿಕ್ಸೆಲ್ಲುಗಳ ಅಂಚಿನಲ್ಲಿ ಸಿಕ್ಕಷ್ಟು ಜಾಗಕ್ಕೆ ಒತ್ತಿಕೊಂಡಿರಬೇಕು, ಹಾಗಾಗಿ ಸಾಲುಗಳು ಸರದಿ ಕಾಯುತ್ತವೆ. ಇಲ್ಲಿ ಅಡಿಯ ಪದರ ಪೂರ್ತಿ ಅದಕ್ಕೇ ಬಿಟ್ಟದ್ದು.

ಇನ್ನೊಂದು ಸಂಗತಿ ಇದೆ. ನನ್ನ ಮಟ್ಟಿಗೆ ಈ ರಾತ್ರಿಯ ತಿರುಳೇ ಅದು. ಝೆಡ್-6 ಟೂನ ಲೋಹದ ಶಟರಿನಲ್ಲಿ ಪರದೆ ಸೆನ್ಸರಿನ ಮೇಲೆ ಸರಿದುಹೋಗಲು ಹಿಡಿಯುವ ಹೊತ್ತು ನಾಲ್ಕೈದು ಮಿಲಿಸೆಕೆಂಡು. ಝೆಡ್-8ರ ಸೆನ್ಸರ್ ತನ್ನನ್ನು ತಾನು ಓದಿಕೊಳ್ಳುವುದೂ ಹೆಚ್ಚುಕಡಿಮೆ ಅಷ್ಟೇ ಹೊತ್ತಿನಲ್ಲಿ. ಅದಕ್ಕೇ ಆ ಕ್ಯಾಮೆರಾದಲ್ಲಿ ಲೋಹದ ಶಟರ್ ಇಲ್ಲವೇ ಇಲ್ಲ. ಕೇಳಿಸುವ ‘ಟಕ್’ ಸ್ಪೀಕರಿನದು, ಬೇಡವೆಂದರೆ ನಿಲ್ಲಿಸಬಹುದು. ಹಾಗಾದರೆ ಝೆಡ್-8ಕ್ಕೆ ಕೊಡುವ ಹೆಚ್ಚಿನ ಹಣದಲ್ಲಿ ದೊಡ್ಡ ಪಾಲು ಒಂದು ವಸ್ತುವಿಗೆ ಹೋಗುತ್ತದೆ: ಲೋಹದ ಶಟರಿನ ವೇಗ, ಅದರ ಸದ್ದಿಲ್ಲದೆ. ಸದ್ದು ನಿಮಗೆ ತೊಡಕೋ ಅಲ್ಲವೋ ಎಂದು ಮೊದಲು ಕೇಳಿಕೊಳ್ಳಬೇಕು.

ಗೆರೆ ಎಳೆದು ಮುಗಿಸಿದ ಹಿರಿಯರು ಕನ್ನಡಿಯಿಂದ ಕಣ್ಣೆತ್ತುತ್ತಾರೆ. “ಹ್ವಾಯ್, ಎಂತಕ್ಕೆ ಎರಡೆರಡ್ ಕ್ಯಾಮ್ರಾ?”

“ಯಾವ್ದ್ರಗೆ ಲಾಯ್ಕ್ ಬತ್ತ್ ಅಂದೇಳಿ ಕಾಂಬುಕೆ.”

“ಬಣ್ಣ ಸರಿ ಬರ್ಲಿ ಮಾರಾಯ್ರೆ, ಸಾಕ್,” ಎಂದು ಅವರು ತಲೆಗೆ ಬಟ್ಟೆ ಬಿಗಿಯಲು ತೊಡಗುತ್ತಾರೆ. ಆ ಮಾತನ್ನು ನೆನಪಿಟ್ಟುಕೊಳ್ಳಿ, ನಾಲ್ಕು ಗಂಟೆಗೆ ಅದಕ್ಕೇ ಬರುತ್ತೇವೆ.

ಹೊರಗೆ ಚೆಂಡೆಗೆ ಪೆಟ್ಟು ಬಿದ್ದಿದೆ. ಚಪ್ಪಲಿ ಮೆಟ್ಟಿಕೊಂಡು ಚುರುಮುರಿ ಅಂಗಡಿ ದಾಟಿ, ರಂಗಸ್ಥಳದ ಬಲಗಡೆ, ಮೂಲೆಯ ಕಂಬಕ್ಕೆ ಅಡ್ಡ ಬಾರದ ಹಾಗೆ ಕೂರೋಣ. ಹಿಂದೆ ಅಜ್ಜಿಯಂದಿರು ಚಾಪೆ ಹಾಸಿ ಕೂತಿದ್ದಾರೆ, ತಲೆ ತಗ್ಗಿಸಿಯೇ ಇರಿ. ಈ ರಂಗಸ್ಥಳ ದೊಂದಿಯ ಬೆಳಕು ಕಂಡಿದೆ, ಗ್ಯಾಸ್‌ಲೈಟು ಕಂಡಿದೆ, ಟ್ಯೂಬ್‌ಲೈಟು ಕಂಡಿದೆ. ಈಗ ನಾಲ್ಕು ಮೂಲೆಗೆ ಎಲ್‌ಇಡಿ.

ಮೀಟರ್ ನೋಡಿ. 70-200 ಲೆನ್ಸನ್ನು ಎಫ್ 2.8ಕ್ಕೆ ಪೂರ್ತಿ ತೆರೆದಿದ್ದೀರಿ, ಕುಣಿತ ನಿಲ್ಲಿಸಲು ಶಟರ್ 1/500 ಬೇಕು. ಐಎಸ್‌ಓ 6400ಕ್ಕೆ ಏರುತ್ತದೆ. ಝೆಡ್-6 ಟೂನಲ್ಲಿ ಐಎಸ್‌ಓ 100ರಿಂದ 51200ರವರೆಗೆ ಇದೆ, ಝೆಡ್-8ರಲ್ಲಿ 64ರಿಂದ 25600. ಬರೀ ಈ ಅಂಕಿ ನೋಡಿ ರಾತ್ರಿಗೆ ಮೊದಲನೆಯದೇ ಮೇಲು ಎನ್ನುವವರಿದ್ದಾರೆ. ತಾಳಿ.

ಸ್ತ್ರೀವೇಷ ಒಡ್ಡೋಲಗ ಮುಗಿಸಿ ನಿಂತಿದೆ. ಎರಡೂ ಕ್ಯಾಮೆರಾದಲ್ಲಿ ಒಂದೊಂದು ಚಿತ್ರ, ರಾ ಫೈಲಿನಲ್ಲಿ. ಈಗ ಪರದೆಯ ಮೇಲೆ ನೂರಕ್ಕೆ ನೂರು ಹಿಗ್ಗಿಸಿ, ಸೆರಗಿನ ನೆರಳು ನೋಡಿ. ಝೆಡ್-8ರಲ್ಲಿ ರವೆ ಹೆಚ್ಚು. ಹೌದು, ಕಾಣುತ್ತದೆ. ಝೆಡ್-6 ಟೂನ ಒಂದೊಂದು ಪಿಕ್ಸೆಲ್ಲಿನ ಅಗಲ 5.9 ಮೈಕ್ರಾನ್, ಝೆಡ್-8ರದ್ದು 4.35. ಹಾಸು ಹೊಕ್ಕು ಗುಣಿಸಿದರೆ ಝೆಡ್-8ರ ಪಿಕ್ಸೆಲ್ಲಿಗೆ ಬೀಳುವ ಬೆಳಕು ಅರ್ಧಕ್ಕಿಂತ ತುಸು ಹೆಚ್ಚು, ಅಷ್ಟೆ. ಬೆಳಕು ಕಾಳುಕಾಳಾಗಿ ಬರುತ್ತದೆ, ಸಮವಾಗಿ ಬೀಳುವುದಿಲ್ಲ. ಒಂದು ಪಿಕ್ಸೆಲ್ಲಿಗೆ ಸರಾಸರಿ 100 ಕಾಳು ಬೀಳಬೇಕಾದಲ್ಲಿ ಹತ್ತು ಹೆಚ್ಚೋ ಕಡಿಮೆಯೋ ಆಗುವುದು ಸಹಜ, ಅಂದರೆ ನೂರಕ್ಕೆ ಹತ್ತರ ಏರುಪೇರು. 10,000 ಕಾಳು ಬಿದ್ದರೆ ಏರುಪೇರು 100, ನೂರಕ್ಕೆ ಒಂದೇ. ಕತ್ತಲಲ್ಲಿ ಕಾಣುವ ರವೆಯ ಬಹುಪಾಲು ಇದೇ. ಅದು ಸೆನ್ಸರಿನ ದೋಷವಲ್ಲ, ಬೆಳಕಿನ ಗುಣ.

ಆದರೆ ನೂರಕ್ಕೆ ನೂರು ಹಿಗ್ಗಿಸಿದಾಗ ನೀವು ಸರಿಸಮ ಹೋಲಿಸುತ್ತಿಲ್ಲ. ಝೆಡ್-8ರ ಚಿತ್ರವನ್ನು ಹೆಚ್ಚು ಹತ್ತಿರದಿಂದ ನೋಡುತ್ತಿದ್ದೀರಿ. ಎರಡನ್ನೂ ಒಂದೇ ಅಳತೆಗೆ ತನ್ನಿ, 12-18 ಇಂಚಿನ ಪ್ರಿಂಟ್ ಹಾಕಿಸುವಾಗ ಆಗುವಂತೆ. ಆಗ ಝೆಡ್-8ರ ಸುಮಾರು ಎರಡು ಪಿಕ್ಸೆಲ್ಲುಗಳು ಝೆಡ್-6 ಟೂನ ಒಂದರ ಜಾಗಕ್ಕೆ ಬಂದು ಕೂಡಿಕೊಳ್ಳುತ್ತವೆ, ಏರುಪೇರು ಒಂದನ್ನೊಂದು ತಿನ್ನುತ್ತದೆ. ಸೆರಗಿನ ನೆರಳಿನಲ್ಲಿ ಇವೆರಡನ್ನು ಬೇರೆ ಮಾಡಿ ತೋರಿಸುವುದು ಕಷ್ಟ. ಎರಡೂ ಸೆನ್ಸರಿನ ವಿಸ್ತೀರ್ಣ ಒಂದೇ, ಬಿದ್ದ ಬೆಳಕೂ ಒಂದೇ. ಅದನ್ನು ಎಷ್ಟು ತುಂಡು ಮಾಡಿ ಅಳೆದಿರಿ ಎನ್ನುವುದರಿಂದ ಒಟ್ಟು ಬೆಳಕು ಹೆಚ್ಚುವುದಿಲ್ಲ, ಕಡಿಮೆಯಾಗುವುದೂ ಇಲ್ಲ. ಪಿಕ್ಸೆಲ್ ಹೆಚ್ಚಿದರೆ ರಾತ್ರಿ ಕೆಡುತ್ತದೆ ಎಂಬ ಮಾತು ಅರ್ಧ ಸತ್ಯ, ಆ ಅರ್ಧವನ್ನು ನಂಬಿ ಕ್ಯಾಮೆರಾ ಕೊಂಡವರು ಬಹಳ.

ಒಂದೂವರೆ ಗಂಟೆ. ಅಭಿಮನ್ಯು ಬಂದಿದ್ದಾನೆ. ಭಾಗವತರು ಏರುಪದ ಎತ್ತಿಕೊಂಡಿದ್ದಾರೆ, ನಿದ್ದೆಯಲ್ಲಿ ತೂಗುತ್ತಿದ್ದ ಮಕ್ಕಳು ಎದ್ದು ಕೂತಿದ್ದಾರೆ. ಚೆಂಡೆಯ ಪೆಟ್ಟು ನಿಮ್ಮ ಎದೆಗೂಡಿನಲ್ಲಿ ಬೀಳುತ್ತಿದೆ. ಹುಡುಗ ಮಂಡಿಯೂರಿ ತಿರುಗಲು ತೊಡಗಿದ. ಒಂದು, ಎರಡು, ಮೂರು, ಎಣಿಕೆ ತಪ್ಪುತ್ತದೆ. ಒತ್ತಿ, ಬಿಡಬೇಡಿ.

ಝೆಡ್-6 ಟೂ ಸೈಲೆಂಟ್ ಮೋಡಿನಲ್ಲೇ ಉಳಿದಿತ್ತು. ಪರದೆಯಲ್ಲಿ ಅಭಿಮನ್ಯುವಿನ ಸೊಂಟ ಒಂದು ದಿಕ್ಕಿಗೆ, ತಲೆಯ ಕೇದಗೆ ಮುಂದಲೆ ಇನ್ನೊಂದು ದಿಕ್ಕಿಗೆ, ಹಗ್ಗ ಹೊಸೆದ ಹಾಗೆ. ಸೆಕೆಂಡಿಗೆ ಒಂದು ಸುತ್ತು ಎಂದಿಟ್ಟುಕೊಳ್ಳಿ. ಆ ಸೆನ್ಸರ್ ತಲೆಯಿಂದ ಮೊಣಕಾಲಿಗೆ ಓದಿ ಇಳಿಯುವ 1/20 ಸೆಕೆಂಡಿನಲ್ಲಿ ಹುಡುಗ 18 ಡಿಗ್ರಿ ತಿರುಗಿಯಾಗಿದೆ. ಅವನ ಬೆನ್ನಿಗೆ ಕ್ಯಾಮೆರಾ ಹೊರಳಿಸಿದ್ದರಿಂದ ರಂಗಸ್ಥಳದ ಕಂಬವೂ ವಾಲಿದೆ. ಝೆಡ್-8ರಲ್ಲಿ ಅಷ್ಟೇ ಓದಿನೊಳಗೆ ಅವನು ತಿರುಗಿದ್ದು ಒಂದೂಕಾಲು ಡಿಗ್ರಿಯ ಆಸುಪಾಸು. ಮೈ ನೇರ, ಕಂಬ ನೇರ.

ಈಗ ಝೆಡ್-6 ಟೂನ ಸೈಲೆಂಟ್ ಮೋಡ್ ತೆಗೆಯಿರಿ. ಲೋಹದ ಶಟರಿನಲ್ಲಿ ತೆಗೆಯಿರಿ. ಟಕಟಕಟಕ. ಯಾರಿಗೆ ಕೇಳಿಸುತ್ತದೆ? ಎರಡು ಮಾರು ದೂರದಲ್ಲಿ ಚೆಂಡೆ ಇದೆ. ಪರದೆ ನೋಡಿ, ಅಭಿಮನ್ಯು ನೇರ, ಕಂಬ ನೇರ. ರಂಗಸ್ಥಳದ ಮುಂದೆ ಹಳೆಯ ಸೆನ್ಸರಿಗೆ ಏನೂ ಕೊರತೆ ಇಲ್ಲ, ಯಾಕೆಂದರೆ ಬಯಲಾಟ ನಿಮ್ಮಿಂದ ಮೌನ ಕೇಳುವುದಿಲ್ಲ. ಇದೇ ಹಿಮ್ಮೇಳ ಇಲ್ಲದ ಕಡೆ, ವೀಣೆಯ ಕಛೇರಿಯಲ್ಲಿ ಮೂರನೇ ಸಾಲಿನಲ್ಲಿ ಕೂತಿದ್ದರೆ ನಾನು ಹೀಗೆ ಹೇಳುತ್ತಿರಲಿಲ್ಲ.

ವೇಗದ ಸೆನ್ಸರಿದ್ದರೆ ಎಲ್‌ಇಡಿಯ ಕಾಟ ಪೂರ್ತಿ ತೀರಿತು ಎಂದೂ ತಿಳಿಯಬೇಡಿ. ಬಣ್ಣ ಬದಲಿಸುವ ಪಾರ್ ಲೈಟುಗಳು ಬೆಳಕು ತಗ್ಗಿಸಲು ಇನ್ನೂ ಚುರುಕಾಗಿ ಹೊತ್ತಿ ಆರುತ್ತವೆ. ಸೆಕೆಂಡಿಗೆ 1000 ಸಲ ಮಿಟುಕುವ ದೀಪವಾದರೆ ಝೆಡ್-8ರ ಚಿತ್ರದಲ್ಲೂ ನಾಲ್ಕು ಅಗಲ ಪಟ್ಟೆ ಬೀಳಬಹುದು. ಅದರಲ್ಲಿ ಶಟರಿನ ಅಂಕಿಯನ್ನು ಕೂದಲೆಳೆಯಷ್ಟು ಹೆಚ್ಚು ಕಡಿಮೆ ಮಾಡುವ ಸೌಕರ್ಯ ಕೊಟ್ಟಿದ್ದಾರೆ, ತಿರುಗಿಸುತ್ತಾ ಹೋದರೆ ಪಟ್ಟೆ ಕರಗುವ ಜಾಗ ಸಿಗುತ್ತದೆ.

ಮೂರು ಗಂಟೆಯ ಸುಮಾರಿಗೆ ಚಹಾ ಕುಡಿದು ಸ್ವಲ್ಪ ಹಿಂದೆ, ಹನ್ನೊಂದು ಮೀಟರ್ ದೂರಕ್ಕೆ ಹೋಗೋಣ. ಲೆನ್ಸ್ 200 ಎಂಎಂಗೆ. ಬಡಗುತಿಟ್ಟಿನ ವೇಷದ ಕಸೆ ಸೀರೆ ನೋಡಿ, ಕೆಂಪು ಹಳದಿ ಕಪ್ಪಿನ ಚೌಕುಳಿ. ಝೆಡ್-8ರಲ್ಲಿ ತೆಗೆದು ಹಿಗ್ಗಿಸಿ. ತೊಡೆಯ ಮೇಲೆ ನೀರಿನಲ್ಲಿ ಎಣ್ಣೆ ತೇಲಿದಂತೆ ಹಸಿರು ನೇರಳೆಯ ಅಲೆ. ಬಟ್ಟೆಯಲ್ಲಿ ಆ ಬಣ್ಣ ಇಲ್ಲ. ಎಳೆಗಳು ಅರ್ಧ ಮಿಲಿಮೀಟರಿಗೆ ಒಂದರಂತೆ ಇದ್ದರೆ, ಇಷ್ಟು ದೂರದಲ್ಲಿ ಅವುಗಳ ಬಿಂಬದ ಅಂತರ ಎರಡು ಪಿಕ್ಸೆಲ್ಲುಗಳ ಅಗಲಕ್ಕೆ ಹತ್ತಿರ ಬಂದು ಎರಡು ಜಾಲರಿ ಒಂದರ ಮೇಲೊಂದು ಬಿದ್ದ ಹಾಗಾಗುತ್ತದೆ. ಇದಕ್ಕೆ ಮೋಯ್ರೆ ಎಂದು ಹೆಸರು. ಝೆಡ್-6 ಟೂನ ಸೆನ್ಸರಿನ ಮುಂದೆ ಲೋ-ಪಾಸ್ ಫಿಲ್ಟರ್ ಎಂಬ ತೆಳು ಗಾಜಿದೆ, ಅದು ಬೆಳಕನ್ನು ಒಂದಿಷ್ಟೇ ಹರಡಿ ಈ ಅಲೆಯನ್ನು ತಗ್ಗಿಸುತ್ತದೆ. ಝೆಡ್-8ರಲ್ಲಿ ಹೆಚ್ಚು ಹರಿತಕ್ಕಾಗಿ ಅದನ್ನು ತೆಗೆದುಬಿಟ್ಟಿದ್ದಾರೆ. ಎರಡು ಹೆಜ್ಜೆ ಮುಂದೆ ಹೋದರೆ ಅಲೆ ಹೋಗುತ್ತದೆ, ಎಣಿಸಿದಷ್ಟು ದೊಡ್ಡ ತೊಂದರೆ ಇದಲ್ಲ. ಆದರೆ ಯಕ್ಷಗಾನದ ಉಡುಗೆಯನ್ನೇ ದಾಖಲಿಸುವ ಕೆಲಸಕ್ಕೆ ಹೊರಟವರು ಇದನ್ನು ತಿಳಿದಿರಬೇಕು, ಕಸೆಯ ಬಣ್ಣವನ್ನು ಕ್ಯಾಮೆರಾ ತಾನೇ ಹುಟ್ಟಿಸಿ ಹೇಳಬಾರದು.

ಹಿಂದೆ ಬಂದದ್ದಕ್ಕೆ ಇನ್ನೊಂದು ಲಾಭವೂ ಕಂಡಿತು. ಮುಂದೆ ಜಾಗ ಸಿಗದೆ ಇಲ್ಲಿಂದಲೇ ತೆಗೆಯಬೇಕಾದರೆ, ನಡುವಿನ ಭಾಗ ಕತ್ತರಿಸಿಕೊಂಡರೂ ಝೆಡ್-8ರಲ್ಲಿ ಸುಮಾರು 19 ಮೆಗಾಪಿಕ್ಸೆಲ್ ಉಳಿಯುತ್ತದೆ. ಅದೇ ಕತ್ತರಿ ಝೆಡ್-6 ಟೂನಲ್ಲಿ 10ಕ್ಕೆ ಇಳಿಸುತ್ತದೆ.

ನಾಲ್ಕು ಗಂಟೆ. ಬಣ್ಣದ ವೇಷ. ದೀಪದವರು ಎಲ್ಲ ಬಿಳಿ ದೀಪ ಆರಿಸಿ ಕೆಂಪು ಬಿಟ್ಟರು. ಚೌಕಿಯಲ್ಲಿ ಕಂಡ ಹಿರಿಯರೇ ಇವರು, ಆದರೆ ಈಗ ಗುರುತಿಲ್ಲ. ಎರಡೂ ಕ್ಯಾಮೆರಾದಲ್ಲಿ ತೆಗೆಯಿರಿ. ಎರಡರಲ್ಲೂ ಮುಖ ಒಂದು ಕೆಂಪು ಮುದ್ದೆ. ಅವರು ಎರಡು ಗಂಟೆ ಕೂತು ಬರೆದ ಗೆರೆಗಳೇ ಇಲ್ಲ.

ಪಿಕ್ಸೆಲ್ಲಿಗೆ ತಾನಾಗಿ ಬಣ್ಣ ಗೊತ್ತಿಲ್ಲ. ಅದರ ಮೇಲೆ ಕೂರಿಸಿದ ಬಣ್ಣದ ಸೋಸಣಿಗೆಯಿಂದಷ್ಟೇ ಗೊತ್ತು. ಕೊಡಾಕ್ ಕಂಪನಿಯ ಬ್ರೈಸ್ ಬೇಯರ್ 1976ರಲ್ಲಿ ಪೇಟೆಂಟ್ ಪಡೆದ ಏರ್ಪಾಡು ಇಂದಿಗೂ ಈ ಎರಡೂ ಸೆನ್ಸರುಗಳ ಮೇಲಿದೆ: ನಾಲ್ಕು ಪಿಕ್ಸೆಲ್ಲುಗಳಲ್ಲಿ ಎರಡು ಹಸಿರು, ಒಂದು ಕೆಂಪು, ಒಂದು ನೀಲಿ. ಶುದ್ಧ ಕೆಂಪು ಬೆಳಕಿನಲ್ಲಿ ಕೆಲಸ ಮಾಡುವುದು ಕಾಲು ಭಾಗ ಮಾತ್ರ. ಝೆಡ್-8ರಲ್ಲಿ ಒಂದು ಕೋಟಿ ಹದಿನಾಲ್ಕು ಲಕ್ಷ, ಝೆಡ್-6 ಟೂನಲ್ಲಿ ಅರವತ್ತೊಂದು ಲಕ್ಷ. ಅವೂ ಉಕ್ಕಿ ತುಂಬಿಹೋಗಿವೆ, ಉಳಿದ ಮುಕ್ಕಾಲು ಭಾಗ ಬಹುಮಟ್ಟಿಗೆ ಖಾಲಿ ಕೂತಿದೆ. ಮೀಟರ್ ಎಲ್ಲದರ ಸರಾಸರಿ ನೋಡಿ ಬೆಳಕು ಸರಿಯಿದೆ ಎಂದಿತು. ಹಿಸ್ಟೋಗ್ರಾಮಿನಲ್ಲಿ ಕೆಂಪನ್ನು ಬೇರೆಯಾಗಿ ತೆರೆದು ನೋಡಿ, ಬಲ ಗೋಡೆಗೆ ಒರಗಿದೆ. ಎಕ್ಸ್‌ಪೋಷರ್ ಒಂದೂವರೆ ಸ್ಟಾಪ್ ಇಳಿಸಿ. ಈಗ ಗೆರೆಗಳು ಬಂದವು, ಹುಬ್ಬಿನ ಮೇಲಿನ ಬಿಳಿ ಚುಕ್ಕೆಗಳು ಬಂದವು. ಝೆಡ್-8ರಲ್ಲಿ ಚುಕ್ಕೆಯ ಅಂಚು ತುಸು ಚೂಪಾಗಿದೆ, ಕೆಂಪು ಪಿಕ್ಸೆಲ್ ಹೆಚ್ಚಿರುವುದರ ಫಲ. ಆದರೆ ಬಣ್ಣವನ್ನು ಉಳಿಸಿದ್ದು ಸೆನ್ಸರಲ್ಲ, ಇಳಿಸಿದ ಆ ಒಂದೂವರೆ ಸ್ಟಾಪ್. ಹಿರಿಯರು ಕೇಳಿದ್ದು ಇದನ್ನೇ.

ಆರು ಗಂಟೆಗೆ ಪೂರ್ವದಲ್ಲಿ ಬೆಳಕು ಹರಿಯುತ್ತಿದೆ, ಲೆನ್ಸಿನ ಮೇಲೆ ಇಬ್ಬನಿ. ಮಂಗಳ ಪದ ಮುಗಿದಿದೆ. ಅಜ್ಜಿ ಚಾಪೆ ಸುತ್ತುತ್ತಿದ್ದಾರೆ, ಅವರ ಹಿಂದೆ ತಿಳಿ ಆಕಾಶ. ಝೆಡ್-8ನ್ನು ಐಎಸ್‌ಓ 64ಕ್ಕೆ, ಝೆಡ್-6 ಟೂವನ್ನು 100ಕ್ಕೆ ಇಳಿಸಿ ಒಂದೊಂದು ಚಿತ್ರ ತೆಗೆಯಿರಿ. ನೆರಳಿನಲ್ಲಿರುವ ಅವರ ಮುಖವನ್ನು ಆಮೇಲೆ ಎಷ್ಟು ಎತ್ತಿದರೂ ಎರಡರಲ್ಲೂ ಸುಕ್ಕುಗಳು ಬಿಡಿಬಿಡಿಯಾಗಿ ಏಳುತ್ತವೆ. ಇಲ್ಲಿ ತಕರಾರಿಲ್ಲ.

ಈ ಎರಡರ ನಡುವಿನ ಸ್ಥಾನಕ್ಕೆ 2024ರಲ್ಲಿ ಝೆಡ್-6 ತ್ರೀ ಬಂದಿದೆ, ಅಟ್ಟಣಿಗೆ ಅರ್ಧ ಮಾತ್ರ ಕಟ್ಟಿದ ಸೆನ್ಸರ್. ಅದಕ್ಕೂ ಮೊದಲು 2023ರಲ್ಲಿ ಸೋನಿಯ ಎ9 ತ್ರೀ ಎಲ್ಲ ಸಾಲುಗಳನ್ನೂ ಒಂದೇ ಕ್ಷಣಕ್ಕೆ ಹಿಡಿಯುವ ಸೆನ್ಸರ್ ತಂದಿತು, ಆದರೆ ಅದರ ಐಎಸ್‌ಓ 250ರಿಂದ ಶುರು. ವೇಗಕ್ಕೆ ಎಲ್ಲೋ ಒಂದು ಕಡೆ ಬೆಲೆ ತೆರಲೇಬೇಕಾಗುತ್ತದೆ.

ನನ್ನ ತೀರ್ಮಾನ ಹೀಗಿದೆ. ರಂಗಸ್ಥಳದ ಮುಂದೆ ಕೂತು ಆಟ ತೆಗೆಯುವವರಿಗೆ ಝೆಡ್-6 ಟೂ ಸಾಕು, ಉಳಿದ ಹಣವನ್ನು ಎಫ್ 2.8ರ ಲೆನ್ಸಿಗೆ ಹಾಕಿ, ರಾತ್ರಿಯನ್ನು ಬದಲಿಸುವುದು ಅದು. ಚೌಕಿಯಲ್ಲಿ, ಕಛೇರಿಯಲ್ಲಿ, ಸದ್ದು ಮಾಡಬಾರದ ಕಡೆ ನಿಮ್ಮ ಕೆಲಸ ಹೆಚ್ಚಿದ್ದರೆ ಝೆಡ್-8ಕ್ಕೆ ಕೊಟ್ಟ ಹಣ ವ್ಯರ್ಥವಲ್ಲ. ಕೊಳ್ಳುವ ಮೊದಲು ಒಂದು ರಾತ್ರಿಗೆ ಬಾಡಿಗೆಗೆ ತಂದು ನಿಮ್ಮ ಊರಿನ ದೀಪದಡಿ ತೆಗೆದು ನೋಡಿ. ಕೈಯಲ್ಲಿರುವುದು ನಿಧಾನದ ಸೆನ್ಸರೇ ಆಗಿದ್ದು, ಚೌಕಿಯಲ್ಲಿ ಸದ್ದಿಲ್ಲದೆ ತೆಗೆಯಬೇಕಾಗಿ ಬಂದರೆ ಶಟರನ್ನು 1/100ಕ್ಕೆ ಇಡಿ. ಬಲ್ಬಿನ ಒಂದು ಮಿಟುಕು ಪೂರ್ತಿ ಒಳಗೆ ಬರುತ್ತದೆ, ಪಟ್ಟೆ ಬೀಳುವುದಿಲ್ಲ. ಬಣ್ಣ ಹಚ್ಚಲು ಕೂತ ಮನುಷ್ಯ ಅಷ್ಟು ಹೊತ್ತು ಅಲುಗಾಡದೆ ಕೂತಿರುತ್ತಾನೆ.